ಸುಗುಣಾಳ ಸಾಲು

ನಾಲ್ಕು ಗಂಟೆಗೆ ಅಕ್ಕನ ರಿಪೋರ್ಟು ಲ್ಯಾಬಿನ ವೆಬ್‌ಸೈಟಿನಲ್ಲಿ ತೆರೆದುಕೊಳ್ಳುತ್ತದೆ. ಅಷ್ಟರೊಳಗೆ ಅದನ್ನು ಸುಳ್ಳಾಗಿಸಬೇಕು. ಮುನೀಶನಿಗೆ ಉಳಿದದ್ದು ನಲವತ್ತು ನಿಮಿಷ.

ಹೊಸೂರಿನ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಇದ್ದವರು ಇಬ್ಬರೇ: ಅವನು, ಮತ್ತು ಅವನಿಗೆ ಜಾವಾ ಕಲಿಸಿದ ಚಂದ್ರಲೇಖಾ. ಸುಸ್ತು ಎಂದು ಮೊನ್ನೆ ಅಕ್ಕ ಸುಗುಣಾ ತಾನಾಗಿಯೇ ಬಂದು ರಕ್ತ ಕೊಟ್ಟಿದ್ದಳು. ಇವತ್ತು ಬೆಳಿಗ್ಗೆ ಡೇಟಾಬೇಸಿನಲ್ಲಿ ಅವಳ ಸಾಲು ಅವನ ಕಣ್ಣಿಗೆ ಬಿತ್ತು. ಎರಡೂ ಕಿಡ್ನಿ ಸೋಲುತ್ತಿದ್ದವು.

ಅಪ್ಪ ಮುತ್ತರಾಯಪ್ಪನಿಗೂ ಇದೇ ಆಗಿತ್ತು. ಡಾಕ್ಟರು ರೋಗದ ಹೆಸರು ಹೇಳಿದ ಎಂಟನೇ ದಿನಕ್ಕೆ ಅಪ್ಪ ಹೋದ. ಕೊಂದದ್ದು ರೋಗವಲ್ಲ, ಅದರ ಹೆಸರು ಎಂದು ಬಾಗಲೂರಿನ ಆ ಮನೆಯ ನಂಬಿಕೆ. ಅಂದಿನಿಂದ ಅಲ್ಲಿ ಒಂದೇ ಕಟ್ಟಳೆ: ರೋಗಿಗೆ ರೋಗ ಹೇಳಕೂಡದು.

ಮುನೀಶ್ ಲೆಕ್ಕ ಹಾಕಿಯಾಗಿತ್ತು. ಹೋದ ತಿಂಗಳ ಸಿಬ್ಬಂದಿ ತಪಾಸಣೆಯಲ್ಲಿ ಅವನ ರಿಪೋರ್ಟು ಮುತ್ತಿನಂತೆ ಬಂದಿತ್ತು. ತನ್ನದೊಂದು ಕಿಡ್ನಿ ಅಕ್ಕನಿಗೆ. ಹೊಂದುತ್ತದೆ ಎಂದು ಖಾತ್ರಿಯಾಗಲಿ, ಆಮೇಲೆ ರೋಗವನ್ನೂ ಮದ್ದನ್ನೂ ಒಂದೇ ಉಸಿರಿಗೆ ಹೇಳಿದರಾಯಿತು.

ಫೋನು ಬಡಿದುಕೊಂಡಿತು. ಗುಲಾಬಿ ಕತ್ತರಿಸುವ ಶೆಡ್ಡಿನಿಂದ ಅಕ್ಕ.

"ಏನ್ಲಾ, ನನ್ ರಿಪೋರ್ಟು ಬಂತೇನ್ಲಾ?"

"ನಾಲ್ಕಕ್ಕೆ ಬತ್ತದೆ ಕಣಕ್ಕ. ಏನವಸರ?"

"ಚೆನ್ನಾಗೈತೆ ಅಂದ್ಬುಡು ಸಾಕು. ನನ್ ಮೈಯಾಗೆ ಒಂದ್ ಊನ ಇರಬಾರ್ದು ಅಂತ ಮಾರಮ್ಮಂಗೆ ಹರಕೆ ಹೊತ್ತಿವ್ನಿ."

ಅವನು ಗಂಟಲು ಸರಿಮಾಡಿಕೊಂಡು ಲ್ಯಾಬಿನ ತಮಿಳು ಡಾಕ್ಟರನ್ನು ಅಣಕಿಸಿದ: "ಒಣ್ಣುಮಿಲ್ಲೆಮ್ಮಾ! ನಲ್ಲಾ ಇರುಕ್ಕೀಂಗ!" ಸಾಯುವವರಿಗೂ ಏನೂ ಇಲ್ಲ, ಚೆನ್ನಾಗಿದ್ದೀರಿ ಎನ್ನುವ ಡಾಕ್ಟರು.

ಅಕ್ಕ ನಗಲಿಲ್ಲ. ಮೂಗೆಳೆದ ಸದ್ದು ಬಂತು. "ನಿನ್ ಬಾಯಿ ಮಾತೇ ನಿಜ ಆಗ್ಲಿ. ಬುತ್ತಿ ಸಪ್ಪೆ ಅಂತ ಚೆಲ್ಬುಡಬ್ಯಾಡ, ಉಣ್ಣು."

ಈಚೆಗೆ ಅಕ್ಕ ಅಡುಗೆಗೆ ಉಪ್ಪು ಮರೆಯುತ್ತಿದ್ದಳು. ಅದೂ ರೋಗದ ಸುಸ್ತೇ ಇರಬೇಕು.

ಅವನು ಬರೆದದ್ದು ಒಂದು ಇಂಟರ್‌ಸೆಪ್ಟರ್. ಡೇಟಾಬೇಸಿಗೂ ಪರದೆಗೂ ನಡುವೆ ಬಾಗಿಲು ಕಾಯುವ ತುಂಡು. ಸುಗುಣಾಳ ಸಾಲು ಬಂದರೆ ತಡೆದು, ಕೆಟ್ಟ ಅಂಕಿ ತೆಗೆದು, ಒಳ್ಳೆಯದಿಟ್ಟು ಕಳಿಸುತ್ತದೆ. ಆದರೆ ಅದು ತಾನಾಗಿ ಕೆಲಸಕ್ಕೆ ನಿಲ್ಲದು. ಹೊರಗಿನಿಂದ ತಂದು ಅಪ್ಲಿಕೇಶನ್ನಿನ ಕೈಗೆ ಒಪ್ಪಿಸಬೇಕು. ಅದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಎಂದು ಹೆಸರು. ಈ ಲ್ಯಾಬಿನಲ್ಲಿ ಸೂಜಿಯಿಲ್ಲದೆ ಇಂಜೆಕ್ಷನ್ ಕೊಡುವವನು ತಾನೊಬ್ಬನೇ ಎಂದು ಅವನು ಎಲ್ಲರನ್ನೂ ನಗಿಸುತ್ತಿದ್ದ. ಇವತ್ತು ಯಾರನ್ನೂ ನಗಿಸದೆ, ಆ ಒಪ್ಪಿಸುವಿಕೆಯನ್ನು ಬರೆದಿಡುವ ಕಾನ್ಫಿಗರೇಶನ್ ಕಡತದತ್ತ ಕೈ ಚಾಚಿದ.

"ಆ ಕಾನ್ಫಿಗರೇಶನ್ ಮುಟ್ಬೇಡ ಕಣೋ," ಎಂದಳು ಚಂದ್ರಲೇಖಾ ಪಕ್ಕದ ಮೇಜಿನಿಂದ. "ನಾನ್ ನೋಡ್ಕೋತೀನಿ. ನೀನು ಮನೆಗೋಗಿ ಮಲಕ್ಕೊ."

ಒಂದು ತಿಂಗಳಿಂದ ಇದೇ ರಾಗ. ಮುಖ ಕೊಟ್ಟು ಮಾತಾಡುವುದನ್ನೂ ಬಿಟ್ಟಿದ್ದಳು. ತನ್ನನ್ನು ಕೆಲಸದಿಂದ ತೆಗೆಸುವ ಹುನ್ನಾರ ಎಂದೇ ಅವನ ಅನುಮಾನ. ಅವಳು ಟೀಗೆಂದು ಎದ್ದದ್ದೇ ತಡ, ಕಾನ್ಫಿಗರೇಶನ್ ತೆರೆದು ಎರಡು ಸಾಲು ಸೇರಿಸಿ ಓಡಿಸಿದ.

ಓಡಲಿಲ್ಲ. ಕೆಂಪಕ್ಷರದ ದೂರು ಬಂತು: ಬೇಕಾದ ಇಂಟರ್‌ಸೆಪ್ಟರ್ ಒಂದು, ಸಿಕ್ಕಿದ್ದು ಎರಡು.

ಎರಡು ಹೇಗೆ? ಅವನು ಬರೆದದ್ದು ಒಂದೇ. ದೂರಿನಲ್ಲಿದ್ದ ಇನ್ನೊಂದು ಹೆಸರು ಹಿಡಿದು ಆ ಕಡತ ತೆರೆದ. ಚಂದ್ರಲೇಖಾ ಹೋದ ತಿಂಗಳು ಬರೆದದ್ದು. ಅದೇ ಉಪಾಯ: ಒಬ್ಬ ರೋಗಿಯ ಸಾಲು ತಡೆ, ಕೆಟ್ಟ ಅಂಕಿ ತೆಗೆ, ಒಳ್ಳೆಯದಿಡು. ರೋಗಿಯ ಹೆಸರು ಓದಿದ. ಮುನೀಶ್, ಬಾಗಲೂರು, ವಯಸ್ಸು ಮೂವತ್ತೊಂದು.

ಅದರ ಮೇಲೆ ಅವಳದೊಂದು ಟಿಪ್ಪಣಿ: "ಸುಗುಣಕ್ಕನ ಕಿಡ್ನಿ ಹೊಂದುತ್ತದೆ ಎಂದು ಖಾತ್ರಿಯಾಗುವವರೆಗೆ ಇವನಿಗೆ ತಿಳಿಯಕೂಡದು, ಅಕ್ಕ ಕೈಮುಗಿದು ಕೇಳಿದ್ದಾರೆ."