ಗೇಟಿನಿಂದ ಬಾಗಿಲಿಗೆ

ಹಳೆಯ ಕಾರಿಗೆ ವೇಗ ತುಂಬಬೇಕೆಂದರೆ ಆ ವೇಗವನ್ನು ಮಾಲೀಕರ ನಡಿಗೆಯಿಂದಲೇ ತೆಗೆಯಬೇಕು; ಎಲ್ಲ ಗ್ಯಾರೇಜಿನಲ್ಲೂ ಅದೇ ಪದ್ಧತಿ. ಮೆಕ್ಯಾನಿಕ್ ಖಾಜಾಸಾಬ ಸುವರ್ಣಾಳ ಮೊಣಕಾಲಿಗೆ ಪೈಪು ಸಿಕ್ಕಿಸುತ್ತ ಗೊಣಗಿದ.

"ಇದು ನಾಕನೇ ಸಲ ರೀ ಅಕ್ಕಾರ. ಈಗ ಆಮಿ ಹಂಗ ನಡೀತೀರಿ. ಸಾಕ್ ಮಾಡ್ರಿ."

ಅವಳ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರಿಗೆ ಮೂವತ್ತು ವರ್ಷ. ಮೊದಲ ಸಲ ವೇಗ ತುಂಬಿಸಿದಾಗ ಬೈಪಾಸಿನಲ್ಲಿ ಹೊಸ ಕಾರುಗಳನ್ನೆಲ್ಲ ಹಿಂದೆ ಹಾಕಿ ಕೇಕೆ ಹೊಡೆದಿದ್ದಳು. ಈಗ ತಾನು ಕಲಿಸುವ ಧಾರವಾಡದ ಶಾಲೆಯಿಂದ ಹುಬ್ಬಳ್ಳಿಯ ಮನೆಗೆ ಎಂಟೇ ನಿಮಿಷ. ಗೇಟಿನಿಂದ ಬಾಗಿಲಿಗೆ ಮಾತ್ರ ಅರ್ಧ ಗಂಟೆ.

"ಮನ್ಯಾಗ ಸಾಹೇಬ್ರು ಬೈಯಂಗಿಲ್ಲೇನ್ರಿ?"

"ಮೊದಲ ನಾ ಮನಿಗೆ ಬಂದ್ರ ಮೊಬೈಲಿಂದ ತಲಿ ಎತ್ತತಿದ್ದಿಲ್ಲ. ಈಗ ಗೇಟಿಗೇ ಬಂದು ಕೈ ಹಿಡಕೊಂಡು ನಡಸ್ತಾರ. ಅರ್ಧಾ ತಾಸು ಬಾಯಿ ಮುಚ್ಚಿಕೊಂಡು ನಡಿಯೂದು ಹೆಂಗ? ಹಿಂಗಾಗಿ ಮಾತಾಡ್ತಾರ. ನಿನ್ನೆ ತಾವು ಸಣ್ಣವರಿದ್ದಾಗಿನ ಕತಿ ಹೇಳಾಕತ್ತಿದ್ರು. ಕತಿ ಮುಗಿಯೂದ್ರಾಗ ಬಾಗಲಾ ಬಂದಬಿಡ್ತು."

ಖಾಜಾಸಾಬ ಪೈಪಿನ ತಿರುಪಿನ ಮೇಲೆ ಕೈಯಿಟ್ಟು ಕೇಳಿದ. "ಎಷ್ಟ್ ತಗೀಲ್ರಿ?"

ಸುವರ್ಣಾ ಕಾಲು ಚಾಚಿ ಕುಳಿತಳು.

"ಆ ಕತಿ ಮುಗಿಯೂವಷ್ಟು ತಗೀರಿ."