ಅಳುವ ಕೂಸು

ಮಲ್ಲವ್ವನ ಸಿಟ್ಟು ನೆತ್ತಿಗೇರಿತ್ತು. ಆಸ್ಪತ್ರೆ ಬಾಗಿಲು ತೆರೆಯುವ ಮೊದಲೇ ಅವಳಿ ಮಕ್ಕಳನ್ನೂ ಅವರ ಅಜ್ಜಿಯನ್ನೂ ಕರೆದುಕೊಂಡು ಬಂದು ಕೂತಿದ್ದರೂ, ಕೆಮ್ಮಿ ಕೆಮ್ಮಿ ಕಿರುಚುತ್ತಿದ್ದ ಮಗನನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಕೊನೆಗೂ ಹೊರಬಂದ ಡಾಕ್ಟರು ಅವನನ್ನು ದಾಟಿ ಹೋಗಿ, ಅಜ್ಜಿಯ ತೊಡೆಯ ಮೇಲಿದ್ದ ಮಗಳ ಮುಂದೆ ಕೂತರು.

“ಸಾಹೇಬ್ರ, ಜಡ್ಡು ಇವಂಗರಿ!” ಮಲ್ಲವ್ವ ರೇಗಿದಳು. “ಇನ್ನೂ ಎಷ್ಟೊತ್ತು ಕಾಯೂದ್ರಿ? ಆಕಿಗೆ ಬರೀ ನೆಗಡಿ. ಪಾಪ, ಮುಂಜಾನಿಂದ ಹಾಲು ಸೈತ ಕೇಳದ ಸುಮ್ಮನ ಮಲಗ್ಯಾಳ.”

ಡಾಕ್ಟರು ಹೆಣ್ಣುಮಗುವಿನ ಅಂಗಿ ಎತ್ತಿದರು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

“ಅಂವಗ ಅಳಾಕರ ತಾಕತ್ತೈತಿ, ತಂಗಿ. ಈಕಿಗೆ ಅದೂ ಉಳಿದಿಲ್ಲ” ಎಂದವರೇ ಮಗಳನ್ನು ಎತ್ತಿಕೊಂಡು ಒಳಗೆ ಓಡಿದರು. “ಸಿಸ್ಟರ್, ಆಕ್ಸಿಜನ್ ತರ್ರಿ! ನ್ಯುಮೋನಿಯಾ!”