ಸೊನ್ನೆಯ ಬೀದಿ

ಕಂಪ್ಯೂಟರಿನ ನಕ್ಷೆಯಲ್ಲಿ ಲಾಂಡ್ರಿ ಹಿಂದಿನ ಬೀದಿ ಹಚ್ಚಹಸಿರಾಗಿತ್ತು. ಅಧಿಕಾರಿ ಅದರ ಮೇಲೆ ಪೆನ್ನಿನ ತುದಿ ಊರಿ, ಇಡೀ ಪಟ್ಟಣದಲ್ಲಿ ಉಬ್ಬಸದ ರೋಗಿ ಒಬ್ಬರೂ ಇಲ್ಲದ ಬೀದಿ ಇದೊಂದೇ, ಇದೆಲ್ಲ ನಿಮ್ಮ ಕೈಗುಣ ಎಂದರು. ಮಾತಿಗೊಮ್ಮೆ ಶೇಕಡಾ ಎನ್ನುವ ಅವರಿಗೆ ಆರೋಗ್ಯ ಕಚೇರಿಯಲ್ಲಿ ಶೇಕಡಾ ಸಾಹೇಬರೆಂದೇ ಹೆಸರು. ಅವರ ಬಾಯಿಂದ ಹೊಗಳಿಕೆ ಬರುವುದು ಶೇಕಡಾ ಒಂದೂ ಇಲ್ಲ. ಹದಿನಾಲ್ಕು ವರ್ಷ ಮನೆಮನೆ ಸುತ್ತಿ ಚಪ್ಪಲಿ ಸವೆಸಿದ್ದ ನರ್ಸಮ್ಮ ಕುರ್ಚಿಯಲ್ಲಿ ತುಸು ನೆಟ್ಟಗೆ ಕುಳಿತಳು. ಆಗ ಸಾಹೇಬರು ಇನ್ನೊಂದು ಹಾಳೆ ಮುಂದಿಟ್ಟರು. ರೋಗವಿಲ್ಲದ ಕಡೆ ಡಾಕ್ಟರಿಗೇನು ಕೆಲಸ? ಆ ಬೀದಿಯ ವಾರದ ಕ್ಲಿನಿಕ್ಕನ್ನು ಮುಂದಿನ ತಿಂಗಳಿಂದ ಕೆಂಪು ಬಣ್ಣದ ಬೀದಿಗೆ ಸಾಗಿಸುವುದೆಂದು ತೀರ್ಮಾನವಾಗಿದೆ. ಅಂಕಿಗಳು ಸರಿಯಿವೆ ಎಂದು ನರ್ಸಮ್ಮನದೊಂದು ಸಹಿ ಸಾಕು.

ಓದಿ ಮಧ್ಯಾಹ್ನ ಕೊಡುತ್ತೇನೆ ಎಂದು ಹಾಳೆ ಹಿಡಿದು ಅವಳು ಹೊರಗೆ ಬಂದಳು. ಓದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಆ ಸೊನ್ನೆಗಳನ್ನೆಲ್ಲ ಒತ್ತಿದ್ದು ಅವಳದೇ ಬೆರಳು.

ನಕ್ಷೆಗೆ ಬಣ್ಣ ಬರುವುದು ಮನೆ ಭೇಟಿಯ ಅಂಕಿಗಳಿಂದ ಮಾತ್ರ. ಆ ಭೇಟಿಯ ಸಮಯ ಬೆಳಿಗ್ಗೆ ಹನ್ನೊಂದು ಗಂಟೆ, ಅದು ಕಚೇರಿಯ ನಿಯಮ. ಆ ಬೀದಿಯವರೆಲ್ಲ ಲಾಂಡ್ರಿಯಲ್ಲಿ ದುಡಿಯುವವರು. ಏಳಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ತಿಂಗಳಿಗೊಮ್ಮೆ ಅವಳು ಹೋದಾಗ ನಲವತ್ತು ಮನೆಗಳಲ್ಲಿ ಮೂವತ್ತೆಂಟಕ್ಕೆ ಬೀಗ. ಕಚೇರಿ ಕೊಟ್ಟ ಟ್ಯಾಬ್ಲೆಟ್ಟಿನಲ್ಲಿ ಬೀಗ ಎಂದು ಬರೆಯಲು ಜಾಗವಿಲ್ಲ, ರೋಗಿಗಳ ಸಂಖ್ಯೆ ತುಂಬದೆ ಅದು ಮುಂದಿನ ಮನೆಗೆ ಹೋಗುವುದೂ ಇಲ್ಲ. ಕಾಣದವರ ಕಾಯಿಲೆ ಎಷ್ಟೆಂದು ಬರೆಯುವುದು? ಸೊನ್ನೆ ಒತ್ತುತ್ತಿದ್ದಳು. ಬಂದಿದ್ದಕ್ಕೆ ಸಾಕ್ಷಿಯಾಗಿ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ದಿನಾಂಕ ಬರೆದು ಮುಂದೆ ನಡೆಯುತ್ತಿದ್ದಳು. ಸುಳ್ಳು ಬರೆಯುತ್ತಿದ್ದೇನೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಅದೇ ಕಟ್ಟಡದ ಕೊನೆಯ ಕೋಣೆಯಲ್ಲಿ ಜನನ ಮರಣಗಳ ದಾಖಲೆ. ಅದನ್ನು ನೋಡಿಕೊಳ್ಳುವವಳು ನರ್ಸಮ್ಮನ ನಾದಿನಿ. ಇಬ್ಬರೂ ದಿನವೂ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡುತ್ತಾರೆ. ಒಬ್ಬಳ ಲೆಕ್ಕವನ್ನು ಇನ್ನೊಬ್ಬಳು ಕಣ್ಣೆತ್ತಿ ನೋಡಿದ್ದಿಲ್ಲ. ಅತ್ತಿಗೆ ಊಟದ ಹೊತ್ತಿಗಿಂತ ಮುಂಚೆಯೇ ಬಂದಳೆಂದರೆ ಡಬ್ಬಿ ಮರೆತಿರಬೇಕು ಎಂದು ನಾದಿನಿ ಎಂದಿನಂತೆ ಕಾಲೆಳೆದಳು. ನರ್ಸಮ್ಮ ನಗಲಿಲ್ಲ. ಲಾಂಡ್ರಿ ಹಿಂದಿನ ಬೀದಿಯಲ್ಲಿ ಹೋದ ವರ್ಷ ಎಷ್ಟು ಜನ ತೀರಿಕೊಂಡರು ಎಂದು ಕೇಳಿದಳು.

ನಾದಿನಿ ಪುಟ ತಿರುವಿ, ಬೆರಳಿಟ್ಟು ಎಣಿಸಿದಳು. ಹನ್ನೊಂದು. ಅದರಲ್ಲಿ ಒಂಬತ್ತು ಜನರ ಹೆಸರಿನ ಮುಂದೆ ಉಬ್ಬಸ ಎಂದೇ ಇತ್ತು. ನರ್ಸಮ್ಮನ ಕೈಯಲ್ಲಿದ್ದ ಹಾಳೆಯನ್ನು ಎಳೆದುಕೊಂಡು ಓದಿದಳು.

"ಕಾಯಿಲೇನೇ ಇಲ್ದೆ ಇವರೆಲ್ಲ ಹೇಗೆ ಸತ್ರು, ಅತ್ತಿಗೆ? ಹಟಕ್ಕಾ?"

ಬೀಗ ಕಂಡ ಮನೆಗಳಿಗೆಲ್ಲ ಸೊನ್ನೆ ಒತ್ತಿದ್ದನ್ನು ನರ್ಸಮ್ಮ ಹೇಳಿದಳು. ನಾದಿನಿ ದನಿ ತಗ್ಗಿಸಿ, ನಿವೃತ್ತಿಗೆ ಇನ್ನು ಎರಡೇ ವರ್ಷ, ನಿನ್ನ ತಲೆಯ ಮೇಲೆ ನೀನೇ ಕಲ್ಲು ಹಾಕಿಕೊಳ್ಳಬೇಡ, ಸಹಿ ಹಾಕದಿರಲು ಬೇರೆ ಏನಾದರೂ ನೆಪ ಹೇಳು ಎಂದಳು. ನರ್ಸಮ್ಮ ಹಾಳೆಯ ಜೊತೆಗೆ ಮರಣದ ಪುಸ್ತಕವನ್ನೇ ಎತ್ತಿಕೊಂಡು ಸಾಹೇಬರ ಕೋಣೆಗೆ ನಡೆದಳು.

"ಸಾರ್, ಅವು ಆರೋಗ್ಯ ಅಲ್ಲ, ಬೀಗ," ಎಂದಳು. "ಸೊನ್ನೆ ಒತ್ತಿದ್ದು ನಾನೇ."

ಸಾಹೇಬರು ಹಾಳೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಒಂದೇ ಒಂದು ಶೇಕಡಾ ಅವರ ಬಾಯಿಂದ ಬರಲಿಲ್ಲ. ಕೊನೆಗೆ ಗುಂಡಿಯೊತ್ತಿ ಹಸಿರನ್ನು ಅಳಿಸಿದರು; ಬೀದಿ ಬೆಳ್ಳಗಾಯಿತು. ಕ್ಲಿನಿಕ್ಕನ್ನು ಸದ್ಯ ಅಲ್ಲಿಂದ ಕದಲಿಸುವುದಿಲ್ಲ, ಹತ್ತು ದಿನದಲ್ಲಿ ಜನರನ್ನು ಕಂಡು ಮತ್ತೆ ಎಣಿಸಿ ಬನ್ನಿ ಎಂದರು. ಹಾಗೆಯೇ, ಈ ತಪ್ಪು ಹೇಗಾಯಿತೆಂದು ಬರೆದು ಕೊಡಿ ಎಂದೂ ಸೇರಿಸಿದರು. ನಿಯಮವೆಂದರೆ ನಿಯಮ.

ಆ ಸಂಜೆ ಆರೂವರೆಗೆ ನರ್ಸಮ್ಮ ಬೀದಿಗೆ ಹೋದಾಗ ಬೀಗಗಳೆಲ್ಲ ತೆರೆದಿದ್ದವು. ಇಷ್ಟೊಂದು ಜನ ಇಲ್ಲಿದ್ದಾರೆಯೇ ಎಂದು ಅವಳಿಗೇ ನಾಚಿಕೆಯಾಯಿತು. ಒಂದೊಂದು ಮನೆಯಿಂದಲೂ ಕೆಮ್ಮು ಕೇಳುತ್ತಿತ್ತು. ಮರಣದ ಪುಸ್ತಕದಲ್ಲಿ ಉಬ್ಬಸದ ಒಂಬತ್ತು ಹೆಸರುಗಳಲ್ಲಿ ಕೊನೆಯವರ ಮನೆಗೇ ಮೊದಲು ಹೋದಳು. ಬಾಗಿಲ ಮೇಲೆ ಹೋದ ವರ್ಷದ ದಿನಾಂಕಗಳು ಒಂದರ ಕೆಳಗೊಂದು ಇನ್ನೂ ಇದ್ದವು, ಎಲ್ಲ ಅವಳದೇ ಅಕ್ಷರ. ತೆರೆದವಳು ಮನೆಯೊಡತಿ, ಕೈಗಳು ಲಾಂಡ್ರಿಯ ನೀರಿಗೆ ಸುಕ್ಕುಗಟ್ಟಿದ್ದವು. ನರ್ಸಮ್ಮ ತಾನು ಯಾರೆಂದು ಹೇಳಿದಳು. ಆಕೆ ಅವಳ ಮುಖವನ್ನೂ ಬಾಗಿಲನ್ನೂ ಒಮ್ಮೆ ನೋಡಿದಳು. ಸಿಟ್ಟಾಗಲಿಲ್ಲ, ಕೂರಲು ಸ್ಟೂಲು ಎಳೆದುಕೊಟ್ಟಳು.

ಯಜಮಾನರು ತೀರಿಕೊಂಡಿದ್ದು ತಿಳಿಯಿತು, ನಾನು ಬಂದಾಗಲೆಲ್ಲ ಬೀಗವಿತ್ತು ಎಂದು ನರ್ಸಮ್ಮ ತಡವರಿಸಿದಳು.

"ಅವರು ಒಳಗೇ ಇರ್ತಿದ್ರು," ಎಂದಳು ಆಕೆ. "ಎದ್ದು ಅಗಳಿ ಹಾಕ್ಕೊಳ್ಳೋ ಶಕ್ತಿ ಇರ್ಲಿಲ್ಲ, ಅದಕ್ಕೇ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಿದ್ದೆ. ಕೂಗೋಕೂ ದಮ್ಮಿರ್ಲಿಲ್ಲ. ನಾನು ಸಂಜೆ ಬಂದ ಕೂಡ್ಲೇ ಹೇಳೋರು, ಇವತ್ತು ಸೀಮೆಸುಣ್ಣದ ಸದ್ದು ಕೇಳಿಸ್ತು ಅಂತ."